ಕಾಣದ ಚಿತ್ರ, ಇಲ್ಲದ ಚಿತ್ರ

ವಿಜಯವಾಡದ ಆಟೋನಗರದಲ್ಲಿ ಲಾರಿ, ಬಸ್ಸುಗಳ ಬಿಡಿಭಾಗ ಮಾರುವ ಅಂಗಡಿಗಳು ಸಾಲುಸಾಲಾಗಿವೆ. ಅಂಥ ಅಂಗಡಿಯೊಂದರ ರೇಟ್ ಲಿಸ್ಟು ಎಕ್ಸೆಲ್ಲಿನಲ್ಲಿ ಇದೆ ಎಂದಿಟ್ಟುಕೊಳ್ಳೋಣ. ಎಡಕ್ಕೆ ಪಾರ್ಟ್ ನಂಬರು, ನಡುವೆ ಹೆಸರು ಮತ್ತು ಬೆಲೆ, ಕೊನೆಯ ಕಾಲಮ್ಮಿನಲ್ಲಿ ಕ್ಲಚ್ ಪ್ಲೇಟು, ಬ್ರೇಕ್ ಶೂ, ಬೇರಿಂಗುಗಳ ಫೋಟೊ. ವಿಶಾಖಪಟ್ಟಣದ ಗಿರಾಕಿಗೆ ಕಳಿಸಬೇಕೆನ್ನುವ ಹೊತ್ತಿಗೆ ಒಂದು ಫೋಟೊವೂ ಕಾಣುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತ ಹುಡುಗ ‘ಫೋಟೊ ಎಲ್ಲ ಹೋಗಿಬಿಟ್ಟಿವೆ’ ಅನ್ನುತ್ತಾನೆ. ಮಾಲೀಕರು ‘ಹೋಗಲಿ, ಮತ್ತೆ ಹಾಕು’ ಅನ್ನುತ್ತಾರೆ. ದೇಶದ ಸಾವಿರಾರು ಆಫೀಸುಗಳಲ್ಲಿ ಇದೇ ಮಾತು ನಡೆಯುತ್ತಿರುತ್ತದೆ.

ಹುಡುಗ ಕಂಡದ್ದು ಇಷ್ಟೇ: ಫೋಟೊ ಕಾಣುತ್ತಿಲ್ಲ. ಹೇಳಿದ್ದು ಮಾತ್ರ ಬೇರೆ: ಫೋಟೊ ಇಲ್ಲ. ಕಾಣದಿರುವುದರಿಂದ ಇಲ್ಲದಿರುವುದಕ್ಕೆ ಹೀಗೆ ಹಾರಬಹುದೇ, ಹಾರುವುದಾದರೆ ಯಾವ ಆಧಾರದ ಮೇಲೆ? ಭಾರತದ ದಾರ್ಶನಿಕರು ಸಾವಿರ ವರ್ಷಕ್ಕೂ ಮಿಕ್ಕಿ ಕಾದಾಡಿದ ಪ್ರಶ್ನೆ ಇದು. ಆತ್ಮ, ದೇವರು, ಪರಲೋಕಗಳ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ಇಲ್ಲೇ.

ಮೊದಲು ಎಕ್ಸೆಲ್ ಹಾಳೆಯ ರಚನೆ ತಿಳಿಯಬೇಕು. ಅಂಕಿ, ಅಕ್ಷರಗಳು ಸೆಲ್ಲಿನ ಒಳಗಿರುತ್ತವೆ. ಮಾಮೂಲಿಯಾಗಿ ಸೇರಿಸಿದ ಚಿತ್ರ ಸೆಲ್ಲಿನಲ್ಲಿ ಇರುವುದೇ ಇಲ್ಲ. ಸೆಲ್ಲುಗಳ ಮೇಲೆ ಹಾಸಿದ ಇನ್ನೊಂದು ಪದರದಲ್ಲಿ ಇರುತ್ತದೆ. ಕೆಳಗಿನ ಯಾವ ಸೆಲ್ಲಿನಿಂದ ಯಾವ ಸೆಲ್ಲಿನವರೆಗೆ ಅದು ಚಾಚಿಕೊಂಡಿದೆ ಎಂಬ ಗುರುತಷ್ಟೇ ಅದಕ್ಕೂ ಹಾಳೆಗೂ ಇರುವ ನಂಟು. ಸೆಲ್ಲಿನ ಜೊತೆ ಸರಿದು ಸೆಲ್ಲಿನಂತೆ ಹಿಗ್ಗಿ ಕುಗ್ಗಬೇಕೆ, ಸರಿದರೂ ಗಾತ್ರ ಹಾಗೆಯೇ ಉಳಿಯಬೇಕೆ, ಏನೇ ಆದರೂ ಅಲುಗದೆ ನಿಲ್ಲಬೇಕೆ ಎಂದು ಮೂರು ಆಯ್ಕೆಗಳಿವೆ. ಚಿತ್ರಗಳ ತಂಟೆಯಲ್ಲಿ ಬಹುಪಾಲು ಹುಟ್ಟುವುದು ಈ ನಂಟಿನಲ್ಲೇ. (ಚಿತ್ರವನ್ನು ನಿಜವಾಗಿ ಸೆಲ್ಲಿನೊಳಗೇ ಇಡುವ ಸೌಲಭ್ಯ 2023ರಲ್ಲಿ ಬಂತು. ಹಳೆಯ ಫೈಲುಗಳ ಚಿತ್ರಗಳು ತಾವಾಗಿಯೇ ಹಾಗೆ ಬದಲಾಗುವುದಿಲ್ಲ.)

ಇನ್ನು ದಾರ್ಶನಿಕರತ್ತ ಬರೋಣ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಸುಮಾರು 4–5ನೆಯ ಶತಮಾನದ್ದು. ಅದರ ಏಳನೆಯ ಕಾರಿಕೆ, ಇರುವ ವಸ್ತುವೂ ಕಾಣದೆ ಹೋಗಲು ಎಂಟು ಕಾರಣ ಕೊಡುತ್ತದೆ. ತೀರ ದೂರವಿರಬಹುದು, ತೀರ ಹತ್ತಿರವಿರಬಹುದು. ಇಂದ್ರಿಯ ಕೆಟ್ಟಿರಬಹುದು, ಮನಸ್ಸು ಎಲ್ಲೋ ಇರಬಹುದು. ವಸ್ತು ಅತಿ ಸೂಕ್ಷ್ಮವಾಗಿರಬಹುದು, ನಡುವೆ ಏನೋ ಅಡ್ಡವಿರಬಹುದು, ಹೆಚ್ಚು ಪ್ರಬಲವಾದದ್ದು ಅದನ್ನು ಮುಳುಗಿಸಿರಬಹುದು, ತನ್ನಂಥವುಗಳ ರಾಶಿಯಲ್ಲಿ ಅದು ಬೆರೆತುಹೋಗಿರಬಹುದು. ಕಣ್ಣಿಗೆ ಹಚ್ಚಿದ ಕಾಡಿಗೆ ಕಣ್ಣಿಗೆ ಕಾಣದು, ಹಗಲಲ್ಲಿ ನಕ್ಷತ್ರ ಕಾಣದು ಎಂದು ವ್ಯಾಖ್ಯಾನಕಾರರು ಉದಾಹರಣೆ ಕೊಡುತ್ತಾರೆ. ಆಟೋನಗರದ ಹುಡುಗನಿಗೆ ಬೇಕಾದ ಪಟ್ಟಿಯೂ ಇದೇ, ಮತ್ತು ಅದು ಆಶ್ಚರ್ಯವಾಗುವಷ್ಟು ಪೂರ್ಣವಾಗಿದೆ.

ದೂರವನ್ನೇ ನೋಡಿ. ಎಕ್ಸೆಲ್ಲಿನ ಒಂದು ಹಾಳೆಯಲ್ಲಿ 10,48,576 ಸಾಲುಗಳು, 16,384 ಕಾಲಮ್ಮುಗಳು. ಕೈತಪ್ಪಿ ಎಳೆದ ಚಿತ್ರ ಅದರ ಯಾವ ಮೂಲೆಯಲ್ಲಾದರೂ ಕೂತಿರಬಹುದು. ಇಂದ್ರಿಯ ಕೆಟ್ಟಂತೆ ಆಗುವುದು ಕಂಟ್ರೋಲ್ ಮತ್ತು 6ರ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ. ಆ ಫೈಲಿನ ಚಿತ್ರ, ಚಾರ್ಟು, ಆಕೃತಿಗಳೆಲ್ಲ ಒಂದೇ ಏಟಿಗೆ ಮರೆಯಾಗುತ್ತವೆ. ಬೇರೇನೋ ಒತ್ತಲು ಹೋಗಿ ಇದನ್ನು ಒತ್ತಿದವರಿಗೆ ತಾವೇ ಕಣ್ಣು ಮುಚ್ಚಿದ್ದೇವೆ ಎಂಬುದು ಗೊತ್ತೇ ಆಗುವುದಿಲ್ಲ. ಗುರುತು ಒಂದಿದೆ: ಹೊಸ ಚಿತ್ರ ಸೇರಿಸುವ ಬಟನ್ನುಗಳು ಮಂಕಾಗಿ, ಒತ್ತಿದರೂ ಕೆಲಸ ಮಾಡುವುದಿಲ್ಲ. ಅದೇ ಕೀಲಿಗಳನ್ನು ಮತ್ತೆ ಒತ್ತಿದರೆ ಎಲ್ಲ ವಾಪಸು. ಒಂದೇ ಫೋಟೊವನ್ನು ನಾಲ್ಕು ಸಲ ಒಂದರ ಮೇಲೊಂದು ಅಂಟಿಸಿದ್ದರೆ ಕಣ್ಣಿಗೆ ಒಂದೇ. ತನ್ನಂಥವುಗಳಲ್ಲಿ ಬೆರೆಯುವುದೆಂದರೆ ಅದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಸೂಕ್ಷ್ಮತೆ. ಸೆಲ್ಲಿನಂತೆ ಹಿಗ್ಗಿ ಕುಗ್ಗುವ ಚಿತ್ರವಿದ್ದ ಸಾಲುಗಳನ್ನು ಅಳಿಸಿದಾಗ ಚಿತ್ರ ಅಳಿಯದೆ ಎತ್ತರ ಸೊನ್ನೆಯಾಗಿ ಉಳಿದುಬಿಡುವುದುಂಟು. ಕಣ್ಣಿಗೆ ಒಂದು ಗೀಟೂ ಕಾಣದಿರಬಹುದು. ಆದರೆ ಅದು ಫೈಲಿನಲ್ಲಿ ಇದೆ. ವರ್ಷಗಟ್ಟಲೆ ನಕಲು ಮಾಡಿ, ಅಳಿಸಿ, ಮತ್ತೆ ನಕಲು ಮಾಡಿದ ರೇಟ್ ಲಿಸ್ಟುಗಳಲ್ಲಿ ಇಂಥವು ಗುಂಪುಗುಂಪಾಗಿ ಸೇರಿಕೊಳ್ಳುತ್ತವೆ. ಫೈಲು ತೆರೆಯಲು ಹೊತ್ತು ಹಿಡಿಯುತ್ತದೆ, ತೂಕ ಏರುತ್ತದೆ, ಕಾಲಮ್ಮೊಂದನ್ನು ಮರೆಮಾಡಹೊರಟರೆ ‘ವಸ್ತುಗಳನ್ನು ಹಾಳೆಯಿಂದಾಚೆ ಸರಿಸಲಾಗದು’ ಎಂಬ ಅರ್ಥದ ಎಚ್ಚರಿಕೆ ಬರುತ್ತದೆ. ಕಣ್ಣೆದುರು ಒಂದು ವಸ್ತುವೂ ಇಲ್ಲದಿರುವಾಗ! ಇಲ್ಲಿ ಕಣ್ಣಾರೆ ಕಾಣುವ ಪ್ರತ್ಯಕ್ಷ ಸೋತಿತು, ಪರಿಣಾಮದಿಂದ ಕಾರಣವನ್ನು ಊಹಿಸುವ ಅನುಮಾನ ಗೆದ್ದಿತು. ಈಶ್ವರಕೃಷ್ಣನ ಮುಂದಿನ ಕಾರಿಕೆ ಹೇಳುವುದೂ ಇದನ್ನೇ: ಜಗತ್ತಿಗೆಲ್ಲ ಕಾರಣವಾದ ಮೂಲಪ್ರಕೃತಿ ಕಾಣದಿರುವುದು ಅದು ಸೂಕ್ಷ್ಮವಾದ್ದರಿಂದ, ಇಲ್ಲದ್ದರಿಂದಲ್ಲ, ಅದರ ಕಾರ್ಯಗಳಿಂದ ಅದನ್ನು ತಿಳಿಯಬೇಕು.

ಹಾಗಾದರೆ ‘ಇಲ್ಲ’ ಎಂದು ಹೇಳುವ ಹಕ್ಕು ಯಾವಾಗ ಬರುತ್ತದೆ? 7ನೆಯ ಶತಮಾನದ ಮೀಮಾಂಸಕ ಕುಮಾರಿಲಭಟ್ಟನ ಪರಂಪರೆ ಮತ್ತು ಅದನ್ನು ಒಪ್ಪಿದ ಅದ್ವೈತಿಗಳು ‘ಇಲ್ಲ’ ಎಂಬ ಅರಿವಿಗೆ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನೇ, ಅಂದರೆ ಅರಿವಿನ ಸಾಧನವನ್ನೇ, ಕೊಟ್ಟರು. ನೈಯಾಯಿಕರು ಅದು ಪ್ರತ್ಯಕ್ಷವೇ ಎಂದರು. ಬೌದ್ಧ ಧರ್ಮಕೀರ್ತಿ ಅನುಮಾನದೊಳಗೆ ಸೇರಿಸಿದ. ಜಗಳ ದೊಡ್ಡದು, ಆದರೆ ಒಂದು ಷರತ್ತಿನಲ್ಲಿ ಎಲ್ಲರೂ ಒಂದಾಗುತ್ತಾರೆ. ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಸಂದರ್ಭದಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲ. ಬೆಳಕಿರಬೇಕು, ಕಣ್ಣು ಸರಿಯಿರಬೇಕು, ವಸ್ತು ಕಾಣಲು ಯೋಗ್ಯವಾದದ್ದಾಗಿರಬೇಕು. ಯೋಗ್ಯಾನುಪಲಬ್ಧಿ ಎಂದು ಶಾಸ್ತ್ರ ಕರೆಯುವುದು ಇದನ್ನು.

ಎಕ್ಸೆಲ್ಲಿನಲ್ಲಿ ಈ ಷರತ್ತನ್ನು ಪೂರೈಸುವ ದಾರಿಗಳಿವೆ. ಆಲ್ಟ್ ಮತ್ತು ಎಫ್10 ಒತ್ತಿದರೆ ಸೆಲೆಕ್ಷನ್ ಪೇನ್ ತೆರೆಯುತ್ತದೆ. ಆ ಹಾಳೆಯ ಮೇಲಿನ ಪದರದಲ್ಲಿರುವ ಪ್ರತಿಯೊಂದರ ಹೆಸರೂ ಅಲ್ಲಿರುತ್ತದೆ, ಪಕ್ಕದಲ್ಲಿ ಕಣ್ಣಿನ ಗುರುತು. ಮರೆಯಲ್ಲಿದ್ದರೂ, ಇನ್ನೊಂದರ ಹಿಂದಿದ್ದರೂ, ಸೊನ್ನೆ ಎತ್ತರದ್ದಾದರೂ ಹೆಸರು ತಪ್ಪುವುದಿಲ್ಲ. ಇನ್ನೂ ಗಟ್ಟಿಯಾದ ಪರೀಕ್ಷೆ ಬೇಕೆಂದರೆ ಫೈಲಿನ ಒಂದು ಪ್ರತಿ ತೆಗೆದು, ಹೆಸರಿನ ಕೊನೆಯ ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬುದನ್ನು ಜಿಪ್ ಎಂದು ಬದಲಿಸಿ ಬಿಚ್ಚಬೇಕು. ಒಳಗೆ ಮೀಡಿಯಾ ಎಂಬ ಫೋಲ್ಡರಿನಲ್ಲಿ ಸೇರಿಸಿದ ಫೋಟೊಗಳೆಲ್ಲ ಇರುತ್ತವೆ. ಅಲ್ಲೂ ಕಾಣದಿದ್ದರೆ ಹುಡುಗ ಧೈರ್ಯವಾಗಿ ‘ಇಲ್ಲ’ ಅನ್ನಬಹುದು.

ದೇವರ ವಿಷಯದಲ್ಲಿ ಅಂಥ ಫೋಲ್ಡರು ಎಲ್ಲಿದೆ? 10–11ನೆಯ ಶತಮಾನದ ಮಿಥಿಲೆಯ ಉದಯನಾಚಾರ್ಯ ನ್ಯಾಯಕುಸುಮಾಂಜಲಿಯಲ್ಲಿ ಹಿಡಿದದ್ದು ಈ ಎಳೆಯನ್ನೇ. ಕಾಣದ್ದು ಇಲ್ಲ ಎನ್ನುವ ಚಾರ್ವಾಕ ಮನೆಯಿಂದ ಹೊರಗೆ ಹೋದಾಗ ಹೆಂಡತಿ ಮಕ್ಕಳು ಕಾಣುವುದಿಲ್ಲವಲ್ಲ, ಅವರು ಇಲ್ಲವೆಂದು ಎದೆ ಬಡಿದುಕೊಂಡು ಅಳಬೇಕಾದೀತು ಎನ್ನುತ್ತಾನೆ. ಕಣ್ಣಿಗೆ ಯೋಗ್ಯನಲ್ಲದ ಈಶ್ವರನನ್ನು ಕಣ್ಣು ಕಾಣದಿರುವುದರಿಂದ ಏನೂ ಸಿದ್ಧವಾಗದು ಎಂಬುದು ಅವನ ವಾದ. ವಾದ ಬಲವಾದದ್ದು. ಆದರೆ ಅದರ ಗಡಿಯನ್ನೂ ನೋಡಬೇಕು. ‘ಇಲ್ಲ’ ಎನ್ನಲು ಆಧಾರ ಸಾಲದು ಎಂದಾದ ಮಾತ್ರಕ್ಕೆ ‘ಇದ್ದಾನೆ’ ಎಂದಾಗುವುದಿಲ್ಲ. ಇದು ಉದಯನನಿಗೂ ಗೊತ್ತಿತ್ತು. ಈಶ್ವರನಿದ್ದಾನೆಂದು ಸಾಧಿಸುವ ಯುಕ್ತಿಗಳಿಗೆ ಅವನು ಐದನೆಯ ಸ್ತಬಕವನ್ನು (ಅಧ್ಯಾಯವನ್ನು) ಬೇರೆಯಾಗಿಯೇ ಬರೆದ. ಇಂದು ಅವನ ಹೆಸರು ಹೇಳುವ ಎಷ್ಟೋ ಮಂದಿ ಅರ್ಧ ದಾರಿಗೇ ನಿಂತು ಗೆದ್ದೆವೆನ್ನುತ್ತಾರೆ. ಅದು ಉದಯನನಿಗೆ ಮಾಡುವ ಅನ್ಯಾಯ.

ವಿಶಾಖಪಟ್ಟಣದ ಸಿಂಹಾಚಲದಲ್ಲಿ ಈ ಪ್ರಶ್ನೆ ಗರ್ಭಗುಡಿಯಲ್ಲೇ ನಿಂತಿದೆ. ಅಲ್ಲಿನ ವರಾಹ ಲಕ್ಷ್ಮೀನರಸಿಂಹನ ಮೂರ್ತಿ ವರ್ಷವಿಡೀ ಗಂಧದ ಲೇಪದೊಳಗೆ. ಭಕ್ತರಿಗೆ ಕಾಣುವುದು ಲಿಂಗದಂಥ ಒಂದು ಆಕಾರ. ವೈಶಾಖ ಶುದ್ಧ ತದಿಗೆ, ಅಂದರೆ ಅಕ್ಷಯ ತೃತೀಯೆಯ ಚಂದನೋತ್ಸವದಂದು ಮಾತ್ರ ಲೇಪ ತೆಗೆದ ನಿಜರೂಪ ದರ್ಶನ. ಆ ದಿನ ಮುಗಿಯುತ್ತಲೇ ಮತ್ತೆ ಗಂಧ. ಮೊದಲ ಕಂತು ಅಂದೇ, ಉಳಿದವು ವೈಶಾಖ, ಜ್ಯೇಷ್ಠ, ಆಷಾಢದ ಹುಣ್ಣಿಮೆಗಳಂದು. ಸಾಂಖ್ಯದ ಪಟ್ಟಿಯಲ್ಲಿ ಇದು ವ್ಯವಧಾನ, ಅಡ್ಡ ಬಂದದ್ದು. ಆದರೆ ಇಲ್ಲಿ ಅಡ್ಡ ಬಂದದ್ದನ್ನು ಯಾರೂ ದೋಷವೆನ್ನುವುದಿಲ್ಲ. ಉಗ್ರಮೂರ್ತಿಯನ್ನು ತಂಪಾಗಿಡುವ ಸೇವೆ ಅದು. ಗಂಧವನ್ನು ಅರೆಯುವುದೂ ಪೂಜೆ, ಹಚ್ಚುವುದೂ ಪೂಜೆ. ರೇಟ್ ಲಿಸ್ಟಿಗೂ ಗರ್ಭಗುಡಿಗೂ ಇರುವ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಮುಚ್ಚಿದ ಮೂರ್ತಿಯ ಮುಂದೆ ನಿಂತವನು ಯಾವುದನ್ನೂ ಸರಿಪಡಿಸಲು ಬಂದವನಲ್ಲ.

ಕನ್ನಡಿಗರಿಗೆ ಸಿಂಹಾಚಲ ಹೊರಗಿನದಲ್ಲ. ಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಯಲ್ಲಿ 1516ರಲ್ಲಿ ಇಲ್ಲಿಗೆ ಬಂದು ಒಡವೆ ಅರ್ಪಿಸಿದ. ಅದಕ್ಕೂ ಎರಡು ಶತಮಾನ ಮೊದಲು ಮಧ್ವಾಚಾರ್ಯರ ನೇರ ಶಿಷ್ಯ ನರಹರಿತೀರ್ಥರು ಈ ಸೀಮೆಯಲ್ಲೇ ಇದ್ದರು; ಉತ್ತರಕ್ಕಿರುವ ಶ್ರೀಕೂರ್ಮದಲ್ಲಿ 1281ರ ಅವರ ಶಾಸನವಿದೆ. ದಾಸಸಾಹಿತ್ಯದ ಮೊದಲ ಹೆಸರುಗಳಲ್ಲಿ ಅವರದೂ ಒಂದು. ಅವರ ಗುರುಗಳು ತತ್ತ್ವಸಂಖ್ಯಾನವೆಂಬ ಪುಟ್ಟ ಗ್ರಂಥದಲ್ಲಿ ಅಭಾವವನ್ನು, ಇಲ್ಲದಿರುವುದನ್ನು, ತತ್ತ್ವಗಳ ಲೆಕ್ಕಕ್ಕೇ ಸೇರಿಸಿ ಮೂರು ಬಗೆ ಮಾಡಿದ್ದಾರೆ: ಹುಟ್ಟುವ ಮೊದಲು ಇಲ್ಲದಿರುವುದು, ನಾಶವಾದ ಮೇಲೆ ಇಲ್ಲದಿರುವುದು, ಎಂದೆಂದಿಗೂ ಇಲ್ಲದಿರುವುದು.

ಎಕ್ಸೆಲ್ಲಿನಲ್ಲಿ ಎರಡನೆಯ ಬಗೆಯದೊಂದು ಕಣ್ಣಿಗೇ ಕಾಣುತ್ತದೆ. ಫೋಟೊವನ್ನು ಫೈಲಿನೊಳಗೆ ಸೇರಿಸದೆ ಲಿಂಕು ಮಾತ್ರ ಕೊಟ್ಟಿದ್ದು, ಮೂಲ ಫೋಟೊವನ್ನು ಯಾರೋ ಅಳಿಸಿದ್ದರೆ, ಆ ಜಾಗದಲ್ಲಿ ಚೌಕಟ್ಟು ಉಳಿದು ಅದರೊಳಗೆ ಕೆಂಪು ಕತ್ತರಿ ಗುರುತು ಮೂಡುತ್ತದೆ. ಚಿತ್ರ ಇತ್ತು, ಈಗ ಇಲ್ಲ, ಅದರ ಜಾಗ ಇದೆ. ಇದಕ್ಕೆ ಯಾವ ಕೀಲಿ ಒತ್ತಿದರೂ ಪರಿಹಾರವಿಲ್ಲ. ಮೂಲ ಸಿಗಬೇಕು, ಅಷ್ಟೆ.

ಹೋದವರ ಜಾಗವನ್ನು ಉಳಿಸಿ ತೋರಿಸುವ ಈ ಬಗೆಯನ್ನು ಕೃಷ್ಣಾ ತೀರದ ಶಿಲ್ಪಿಗಳು ಎರಡು ಸಾವಿರ ವರ್ಷಗಳ ಹಿಂದೆಯೇ ಅತ್ಯಂತ ಗಂಭೀರವಾಗಿ ಕೈಗೆತ್ತಿಕೊಂಡಿದ್ದರು. ವಿಜಯವಾಡದಿಂದ ನದಿಯ ಮೇಲ್ದಿಕ್ಕಿಗೆ 30–40 ಕಿ.ಮೀ. ಹೋದರೆ ಅಮರಾವತಿಯ ಸ್ತೂಪದ ನೆಲೆ. ಅಲ್ಲಿನ ಹಳೆಯ ಫಲಕಗಳಲ್ಲಿ ಬುದ್ಧ ಇರಬೇಕಾದಲ್ಲಿ ಬುದ್ಧನಿಲ್ಲ. ಬೋಧಿವೃಕ್ಷದ ಕೆಳಗೆ ಖಾಲಿ ಪೀಠ, ಮುಂದೆ ಪಾದಗಳ ಗುರುತು, ಸುತ್ತಲೂ ಕೈಮುಗಿದ ಜನ. ನಿರ್ವಾಣ ಹೊಂದಿದವನನ್ನು ರೂಪದಲ್ಲಿ ಕಟ್ಟಬಾರದೆಂದು ಹೀಗೆ ಮಾಡಿದರು ಎಂಬ ವಿವರಣೆ ಬಹುಕಾಲ ನಡೆಯಿತು. ಹಾಗಲ್ಲ, ಇಂಥ ಎಷ್ಟೋ ಫಲಕಗಳು ತೋರಿಸುವುದು ಬುದ್ಧನ ಕಾಲದ ಘಟನೆಯನ್ನಲ್ಲ, ಮುಂದೆ ಭಕ್ತರು ಆ ಪವಿತ್ರ ಜಾಗಗಳಿಗೆ ಬಂದು ಪೂಜಿಸುವುದನ್ನು ಎಂದು ಕಲಾ ಇತಿಹಾಸತಜ್ಞೆ ಸೂಸನ್ ಹಂಟಿಂಗ್‌ಟನ್ 1990ರಲ್ಲಿ ವಾದಿಸಿದರು. ಆ ವಾದ ಸರಿಯಾದರೆ ಪೀಠ ಖಾಲಿಯಿರುವುದು ಅಲ್ಲಿ ಯಾರನ್ನೂ ತೋರಿಸಬೇಕಾಗಿರಲಿಲ್ಲವಾದ್ದರಿಂದ. ‘ಇದ್ದಿದ್ದರೆ ಕಾಣಬೇಕಿತ್ತು’ ಎಂಬ ದಾರ್ಶನಿಕರ ಷರತ್ತಿನ ಮೇಲೆಯೇ ಈ ವಿದ್ವಾಂಸರ ಜಗಳವೂ ನಿಂತಿದೆ.

ಆ ಸ್ತೂಪದ ಒಂದು ಫಲಕ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಒಂದು ಮುಖದಲ್ಲಿ ಮರ, ಖಾಲಿ ಪೀಠ, ಭಕ್ತರು, ಕ್ರಿ.ಪೂ. 1ನೆಯ ಶತಮಾನದ ಕೆಲಸ. ಮೂರು ಶತಮಾನ ಕಳೆದ ಮೇಲೆ ಅದೇ ಕಲ್ಲನ್ನು ತಿರುಗಿಸಿ ಬೆನ್ನಿನ ಮೇಲೆ ಹೊಸದಾಗಿ ಕೆತ್ತಿದರು: ಅಲಂಕೃತವಾದ ಸ್ತೂಪ, ಅದರ ದ್ವಾರದಲ್ಲಿ ನಿಂತ ಬುದ್ಧ. ರೂಪ ಬೇಡವೆಂದ ಕಾಲವೋ, ಬೇಕೆನಿಸದ ಕಾಲವೋ, ಒಂದು ಕಡೆ. ರೂಪ ಬೇಕೇ ಬೇಕೆಂದ ಕಾಲ ಇನ್ನೊಂದು ಕಡೆ. ಹಳೆಯದನ್ನು ಉಜ್ಜಿ ಅಳಿಸಲಿಲ್ಲ. ಹಾಗಾಗಿ ಇಂದು ಎರಡೂ ಉಳಿದಿವೆ.

ರೇಟ್ ಲಿಸ್ಟಿನ ಹುಡುಗನಂತೆ ಚಿತ್ರ ಕಾಣದೆ ತಬ್ಬಿಬ್ಬಾದ ಓದುಗರು ಫೈಲಿನ ಒಂದು ಪ್ರತಿಯನ್ನು ಮೊದಲು ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ಆಮೇಲೆ ಸೆಲೆಕ್ಷನ್ ಪೇನ್ ತೆರೆಯಲಿ. ವಿಜಯವಾಡಕ್ಕೆ ಕನಕದುರ್ಗೆಯ ದರ್ಶನಕ್ಕೆಂದು ಹೋಗುವವರು ಇನ್ನೊಂದು ದಿನ ಉಳಿದು ಅಮರಾವತಿಗೂ ಹೋಗಿ ಬರಲಿ. ಸ್ತೂಪದ ನೆಲೆಯ ಬಳಿಯೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಅಲ್ಲಿಂದ ಸಾಗಿಸಿದ ಫಲಕಗಳ ದೊಡ್ಡದೊಂದು ಭಾಗ ಚೆನ್ನೈನ ಎಗ್ಮೋರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ.