ದಾರಿ ಬಿಟ್ಟುಕೊಟ್ಟವನ ಜಯ

ಸ್ಪರ್ಧೆಗೆ ನಿಂತವನಿಗೆ ದಯೆಯು ಭೂಷಣವೋ ದೌರ್ಬಲ್ಯವೋ ಎಂಬ ಪ್ರಶ್ನೆಗೆ ದೋಣಿಪಂದ್ಯದ ವೀರನೊಬ್ಬನ ಚರಿತ್ರೆಯು ಉತ್ತರವನ್ನೀಯುತ್ತದೆ. ಆಸ್ಟ್ರೇಲಿಯಾದ ಬಾಬಿ ಪಿಯರ್ಸ್ ಎಂಬಾತನು ವೃತ್ತಿಯಿಂದ ಬಡಗಿ. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ ಕ್ರೀಡೆಗಳಲ್ಲಿ, ಅಂತಿಮಕ್ಕೆ ಮುಂಚಿನ ಒಂದು ಸುತ್ತಿನಲ್ಲಿ, ಬಾತುಗಳ ಸಾಲೊಂದು ಆತನ ದೋಣಿಗೆ ಅಡ್ಡ ಬಂದಿತು. ಆತನು ಹುಟ್ಟನ್ನು ತಡೆದು ಅವಕ್ಕೆ ದಾರಿಗೊಟ್ಟನು. ಎದುರಾಳಿಯು ಮುಂದೆ ಸಾಗಿದನು. ಆದರೂ ಪಿಯರ್ಸನೇ ಆ ಸುತ್ತನ್ನೂ ಬಳಿಕ ಸ್ವರ್ಣಪದಕವನ್ನೂ ಗೆದ್ದನು. 1932ರಲ್ಲಿ ಲಾಸ್ ಏಂಜಲೀಸಿನಲ್ಲಿ ಮತ್ತೊಮ್ಮೆ ಗೆದ್ದನು.

ಗೆದ್ದುದರಿಂದಲ್ಲವೆ ಆ ದಯೆಗೆ ಇಷ್ಟು ಕೀರ್ತಿ ಎಂದು ಕೆಲವರು ಕೇಳಬಹುದು. ಕೀರ್ತಿಗೆ ಜಯವು ಕಾರಣವಿರಬಹುದು; ಧರ್ಮಕ್ಕಲ್ಲ. ಹುಟ್ಟನ್ನು ತಡೆದ ಕ್ಷಣದಲ್ಲಿ ಫಲವು ಆತನಿಗೆ ತಿಳಿದಿರಲಿಲ್ಲ. ಸೋತಿದ್ದರೂ ಆ ಕಾರ್ಯದ ತೂಕವು ಗುಲಗಂಜಿಯಷ್ಟೂ ಕುಂದುತ್ತಿರಲಿಲ್ಲ.

ಅದೇ 1928ರಲ್ಲಿ ಇಂಗ್ಲೆಂಡಿನ ಹೆನ್ಲಿಯ ಪ್ರಸಿದ್ಧ ಪಂದ್ಯದವರು, ಕೈಕೆಲಸದವನೆಂಬ ಕಾರಣಕ್ಕೆ, ಆತನಿಗೆ ಪ್ರವೇಶವನ್ನು ನಿರಾಕರಿಸಿದರು. ಬಾತುಗಳಿಗೆ ದಾರಿ ಬಿಟ್ಟವನಿಗೆ ಮನುಷ್ಯರು ದಾರಿ ಬಿಡಲಿಲ್ಲ! ಬಡಗಿತನವನ್ನು ಬಿಟ್ಟ ಮೇಲೆ, 1931ರಲ್ಲಿ, ಆತನು ಅಲ್ಲಿಯೂ ಗೆದ್ದನು. ತೋಳು ಅದೇ, ಬದಲಾದುದು ಕಸುಬಿನ ಹೆಸರು ಮಾತ್ರ.

ಕಳಸದ ಬಳಿ ತುಂಬಿ ಹರಿವ ಭದ್ರೆಯನ್ನು ದೋಣಿಯಲ್ಲಿ ದಾಟಬೇಕಾಗಿ ಬಂದವನು ಅಂಬಿಗನ ಅಂತಸ್ತನ್ನು ವಿಚಾರಿಸಲಾರನು. ಆತನ ಕೈಯನ್ನೇ ನಂಬುವನು. ದಡ ಸೇರಿದ ಮೇಲೆ ಆ ಕೈಯನ್ನು ಕೀಳೆಂದು ಕಾಣುವುದು ಕೃತಘ್ನತೆಯಲ್ಲದೆ ಮತ್ತೇನು?