ಇಂದಿನ ಧಮ್ಮ ಚಿಂತನೆ: ಬೆಟ್ಟಕ್ಕೆ ಹೊರಟವರ ಚೀಲ



ಶಾಲೆಗಳಿಗೆ ರಜೆ ಬಂದಿದೆ. ಏಪ್ರಿಲ್ 14ರ ಜಯಂತಿಯ ಓಡಾಟವೂ ಮುಗಿಯಿತು. ನಮ್ಮ ಬಳಗದ ಕೆಲವು ಕುಟುಂಬಗಳು ಮೂರು ದಿನದ ಮಟ್ಟಿಗೆ ಚಿಕ್ಕಮಗಳೂರಿನ ಬೆಟ್ಟದ ಮೇಲಿನ ಹೋಂಸ್ಟೇಗೆ ಹೊರಟಿವೆ. ಎರಡು ದಿನದಿಂದ ಗುಂಪಿನಲ್ಲಿ ಒಂದೇ ಮಾತು: ಏನೇನು ತಗೊಂಡು ಬರಬೇಕು? ಕಂಬಳಿ ಬೇಕಾ? ಚಕ್ಕುಲಿ ಯಾರು ಮಾಡ್ತಾರೆ? ಸ್ಪೀಕರ್ ಯಾರು ತರ್ತಾರೆ?

ಇದಕ್ಕೂ ಧಮ್ಮಕ್ಕೂ ಏನು ಸಂಬಂಧ ಅಂತ ಕೇಳಬಹುದು. ಆದರೆ ಪ್ರಯಾಣಕ್ಕೆ ಎಷ್ಟು ಬಟ್ಟೆ ಬೇಕು ಅನ್ನುವ ಪ್ರಶ್ನೆಗೆ ಸ್ವತಃ ಭಗವಾನ್ ಬುದ್ಧರು ರಾತ್ರಿಯಿಡೀ ಚಳಿಯಲ್ಲಿ ಕೂತು ಉತ್ತರ ಹುಡುಕಿದ್ದಾರೆ. ವಿನಯ ಪಿಟಕದ ಮಹಾವಗ್ಗದಲ್ಲಿ ಆ ಪ್ರಸಂಗ ಬರುತ್ತದೆ.

ಭಗವಾನರು ರಾಜಗೃಹದಿಂದ ವೈಶಾಲಿಯ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಬರುತ್ತಿದ್ದ ಭಿಕ್ಖುಗಳನ್ನು ನೋಡಿದರು. ಒಬ್ಬನ ತಲೆಯ ಮೇಲೆ ಚೀವರದ ಗಂಟು, ಇನ್ನೊಬ್ಬನ ಹೆಗಲ ಮೇಲೆ ಗಂಟು, ಮತ್ತೊಬ್ಬನ ಸೊಂಟದಲ್ಲಿ ಗಂಟು. ಎಲ್ಲವನ್ನೂ ಬಿಟ್ಟು ಬಂದವರು ಇಷ್ಟು ಬೇಗ ಬಟ್ಟೆಯ ಹೊರೆ ಹೊತ್ತರಲ್ಲ ಎಂದು ಅವರಿಗೆ ಅನ್ನಿಸಿತು. ಇದಕ್ಕೊಂದು ಮಿತಿ ಹಾಕಬೇಕು ಎಂದುಕೊಂಡರು.

ಮಿತಿ ಎಷ್ಟು? ಇಲ್ಲೇ ನಾವು ಗಮನಿಸಬೇಕಾದದ್ದು ಇರುವುದು. ಭಗವಾನರು ಯಾವುದೋ ಸಂಖ್ಯೆಯನ್ನು ಬಾಯಿಗೆ ಬಂದಂತೆ ಹೇಳಲಿಲ್ಲ. ವೈಶಾಲಿಯ ಗೋತಮಕ ಚೈತ್ಯದ ಬಳಿ, ಹಿಮ ಬೀಳುವ ಕಾಲದ ರಾತ್ರಿಯಲ್ಲಿ, ಬಯಲಿನಲ್ಲಿ ಒಂದೇ ಚೀವರ ಹೊದ್ದು ಕೂತರು. ಮೊದಲ ಯಾಮ ಕಳೆಯುವ ಹೊತ್ತಿಗೆ ಚಳಿಯಾಯಿತು, ಎರಡನೆಯದನ್ನು ಹೊದ್ದರು. ನಡು ಯಾಮ ಕಳೆಯುವಾಗ ಮತ್ತೆ ಚಳಿ, ಮೂರನೆಯದನ್ನು ಹೊದ್ದರು. ಬೆಳಗಿನ ಜಾವಕ್ಕೆ ನಾಲ್ಕನೆಯದೂ ಬೇಕಾಯಿತು. ಆಮೇಲೆ ನಿಯಮ ಮಾಡಿದರು: ಭಿಕ್ಖುವಿಗೆ ಮೂರು ಚೀವರ. ಎರಡು ಪದರದ ಸಂಘಾಟಿ, ಒಂದು ಪದರದ ಉತ್ತರಾಸಂಗ, ಒಂದು ಪದರದ ಅಂತರವಾಸಕ.

ಲೆಕ್ಕ ಹಾಕಿ ನೋಡಿ. ಬಟ್ಟೆ ಮೂರು, ಪದರ ನಾಲ್ಕು. ಆ ರಾತ್ರಿ ಮೈಗೆ ಎಷ್ಟು ಬೇಕಾಯಿತೋ ಅಷ್ಟೂ ನಿಯಮದಲ್ಲಿ ಇದೆ. ಒಂದು ಪದರವೂ ಕಡಿಮೆಯಿಲ್ಲ, ಒಂದು ಪದರವೂ ಹೆಚ್ಚಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಈ ಅಳತೆಯನ್ನು ಚಳಿ ತಡೆಯುವ ಗಟ್ಟಿಗರಿಗಾಗಿ ಮಾಡಿದ್ದಲ್ಲ. ಚಳಿಗೆ ಹೆದರುವವರು, ಚಳಿ ತಾಳಲಾರದವರು ಕೂಡ ಇಷ್ಟರಲ್ಲಿ ಬದುಕಬಹುದೇ ಎಂದು ಯೋಚಿಸಿ ಮಾಡಿದ ಅಳತೆ. ಗುಂಪಿನಲ್ಲಿ ಎಲ್ಲರಿಗಿಂತ ಮೆದುವಾದವರನ್ನು ಮುಂದಿಟ್ಟುಕೊಂಡೇ ಭಗವಾನರು ಲೆಕ್ಕ ಮಾಡಿದರು.

ಹಾಗಾಗಿ ನಮ್ಮ ಚೀಲದ ಲೆಕ್ಕವೂ ಅಲ್ಲಿಂದಲೇ ಶುರುವಾಗಲಿ. ಊರಿನ ಸೆಖೆ ನೋಡಿ ತೆಳು ಬಟ್ಟೆ ಮಾತ್ರ ತುಂಬಬೇಡಿ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ಕರ್ನಾಟಕದಲ್ಲೇ ಎತ್ತರದ ಶಿಖರ. ಮೇಲೆ ಗಾಳಿ ಜೋರು. ಒಳಗೊಂದು ಹತ್ತಿಯ ಬಟ್ಟೆ, ಅದರ ಮೇಲೊಂದು ಸ್ವೆಟರ್, ಗಾಳಿ ಮಳೆ ತಡೆಯುವ ಒಂದು ಜರ್ಕಿನ್. ಪದರ ಪದರವಾಗಿ ಹಾಕಿಕೊಂಡರೆ ಒಂದು ದಪ್ಪ ಕಂಬಳಿಯ ಹೊರೆ ತಪ್ಪುತ್ತದೆ. ಕಾಫಿ ಹೂವರಳಿಸುವ ಮಳೆಯ ಕಾಲ ಇದು, ಮಧ್ಯಾಹ್ನ ಹೇಳದೆ ಕೇಳದೆ ಸುರಿದೀತು, ಕೊಡೆ ಇರಲಿ. ಅಜ್ಜಿಯ ಮಫ್ಲರು, ಕೂಸಿನ ಟೋಪಿ ಮೊದಲು ಚೀಲ ಸೇರಲಿ. ಬಿ.ಪಿ., ಶುಗರ್ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಿಗೆ ಇಟ್ಟುಕೊಳ್ಳಿ, ಬೆಟ್ಟದ ಮೇಲೆ ಮೆಡಿಕಲ್ ಶಾಪ್ ಹತ್ತಿರ ಸಿಗುವುದಿಲ್ಲ. ಭಿಕ್ಖುವಿನ ನಾಲ್ಕು ಅಗತ್ಯಗಳಲ್ಲಿ ಚೀವರ, ಆಹಾರ, ವಸತಿಯ ಜೊತೆಗೆ ಔಷಧವೂ ಸೇರಿದೆ ಎಂಬುದನ್ನು ಮರೆಯಬೇಡಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ಪಾಠ ಅರ್ಧವಾಗುತ್ತದೆ.

ಬಾಬಾಸಾಹೇಬರು "ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್" ಪ್ರಬಂಧದಲ್ಲಿ ಭಿಕ್ಖು ಇಟ್ಟುಕೊಳ್ಳಬಹುದಾದ ಎಂಟು ವಸ್ತುಗಳನ್ನು ಪಟ್ಟಿ ಮಾಡುತ್ತಾರೆ. ಮೂರು ಚೀವರ, ಸೊಂಟಪಟ್ಟಿ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ. ಈ ಪಟ್ಟಿ ಸಂಘಕ್ಕೆ ಸೇರಿದವರದು, ಗೃಹಸ್ಥರದಲ್ಲ. ಇದನ್ನು ತಂದು, "ನಾವು ಬೌದ್ಧರು, ನಮಗೇಕೆ ಒಳ್ಳೆ ಬಟ್ಟೆ" ಎಂದು ಮನೆಯ ಹೆಣ್ಣುಮಕ್ಕಳ ಮೇಲೆ ಹೇರಬೇಡಿ.

ನಮ್ಮ ಅಜ್ಜ ಅಜ್ಜಿಯರ ಬಳಿ ಎಂಟು ವಸ್ತು ಇದ್ದವೋ ಇಲ್ಲವೋ. ಅದು ಅವರ ತ್ಯಾಗವಲ್ಲ. ಚಂಡಾಲರು ಹೆಣದ ಮೇಲಿನ ಬಟ್ಟೆಯನ್ನೇ ಉಡಬೇಕು, ಒಡೆದ ಮಡಕೆಯಲ್ಲೇ ಉಣ್ಣಬೇಕು ಎಂದು ಬರೆದಿಟ್ಟ ಮನುಸ್ಮೃತಿಯ ನೆರಳು ಅದು. ಆ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಅದೇ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಸ್ವಚ್ಛವಾಗಿ ಇರಿ, ಜಾತಿಯ ಗುರುತು ಹೇಳುವ ಹಾಗೆ ಸೀರೆ ಉಡುವುದನ್ನು ಬಿಡಿ ಎಂದು ತಿಳಿಹೇಳಿದರು. ಇಲ್ಲದವನ ಮೇಲೆ ಹೇರಿದ ಬಡತನ ಬೇರೆ, ಇದ್ದವನು ತಾನೇ ಅರಿತು ಕಟ್ಟಿಕೊಂಡ ಮಿತಿ ಬೇರೆ. ಮೊದಲನೆಯದು ಅನ್ಯಾಯ, ಎರಡನೆಯದು ಶೀಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬೆಟ್ಟದ ಮೇಲೆ ಫೋಟೊ ತೆಗೆಸಿಕೊಳ್ಳಲು ಅಕ್ಕ ಒಂದು ಒಳ್ಳೆಯ ಸೀರೆ ಇಟ್ಟುಕೊಂಡರೆ ಇಟ್ಟುಕೊಳ್ಳಲಿ. ಅದು ಅವಳ ಅಗತ್ಯವೇ.

ಹಾಗಾದರೆ ಯಾವುದು ಹೊರೆ? ಸುಲಭದ ಪರೀಕ್ಷೆ ಒಂದಿದೆ: ಇದನ್ನು ಯಾರು ಹೊರುತ್ತಾರೆ? ಭಿಕ್ಖು ತನ್ನ ಪಾತ್ರೆಯನ್ನು ತಾನೇ ಹಿಡಿಯುತ್ತಾನೆ. ನಮ್ಮ ಮನೆಗಳಲ್ಲಿ ಐದು ಜನರ ಬಟ್ಟೆ ಮಡಚುವವಳು ಒಬ್ಬಳೇ, ಟವೆಲ್ ಮರೆತರೆ ಬೈಗುಳ ತಿನ್ನುವವಳೂ ಅವಳೇ. ಈ ಸಲ ಪ್ರತಿಯೊಬ್ಬರೂ ತಮ್ಮ ಚೀಲ ತಾವೇ ತುಂಬಲಿ, ತಾವೇ ಹೊರಲಿ. ಗಂಡಸರೂ, ಆರನೇ ಕ್ಲಾಸಿನ ಮಗನೂ. ತಾನೇ ಹೊರಬೇಕು ಅಂತ ಗೊತ್ತಾದರೆ ಸ್ಪೀಕರ್ ಬೇಕೋ ಬೇಡವೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಆ ಎಂಟು ವಸ್ತುಗಳನ್ನು ಮತ್ತೊಮ್ಮೆ ನೋಡಿ. ಏಳು ವಸ್ತು ಇಟ್ಟುಕೊಂಡವನ ಅಗತ್ಯಕ್ಕೆ. ಎಂಟನೆಯದು, ನೀರು ಸೋಸುವ ಬಟ್ಟೆ, ನೀರಿನೊಳಗಿನ ಸಣ್ಣ ಜೀವಗಳು ಸಾಯದಿರಲಿ ಎಂದು. ಅಷ್ಟು ಚಿಕ್ಕ ಗಂಟಿನಲ್ಲೂ ಒಂದು ಜಾಗ ಬೇರೆಯವರಿಗಾಗಿ ಇತ್ತು. ನಮ್ಮ ಚೀಲದಲ್ಲೂ ಇರಲಿ. ನೀರಿಗೆ ಸ್ಟೀಲ್ ಬಾಟಲಿ, ನಾವು ಮಾಡಿದ ಕಸ ವಾಪಸ್ ತರಲು ಒಂದು ಖಾಲಿ ಚೀಲ. ನಾವು ಉಳಿಯುವ ಮನೆಯ ಸುತ್ತ ಕಾಫಿ ತೋಟಗಳಿವೆ. ಆ ತೋಟಗಳ ಲೈನ್ ಮನೆಗಳಲ್ಲಿ ಇರುವ ಕೂಲಿಯವರಲ್ಲಿ ಬಹಳ ಮಂದಿ ನಮ್ಮವರೇ. ನಮಗೆ ನೋಟವಾಗಿ ಕಾಣುವ ಇಳಿಜಾರು ಅವರಿಗೆ ದಿನದ ದುಡಿಮೆ. ಅವರನ್ನು ಫೋಟೊದ ಹಿನ್ನೆಲೆ ಮಾಡಿಕೊಳ್ಳಬೇಡಿ. ಮಾತಾಡಿಸಿ, ಹೆಸರು ಕೇಳಿ. ಕೋಣೆ ಗುಡಿಸುವ ತಾಯಿಗೆ ಹೊರಡುವ ದಿನ ಕೈಯಲ್ಲೇ ಏನಾದರೂ ಕೊಟ್ಟು ಬನ್ನಿ.

ಇನ್ನು ಮಕ್ಕಳ ಚೀಲಕ್ಕೆ ಒಂದು. ಹೊಸ ಜಾಗದಲ್ಲಿ ಯಾರಾದರೂ "ನೀವು ಯಾವ ಜನ?" ಎಂದು ಕೇಳಬಹುದು. ನಾವು ತಡವರಿಸಿದರೆ ಮಕ್ಕಳು ತಡವರಿಸುವುದನ್ನೇ ಕಲಿಯುತ್ತಾರೆ. ಹೊರಡುವ ಮೊದಲು ಮನೆಯಲ್ಲೇ ಕೂತು ಹೇಳಿಕೊಡಿ: "ನಾವು ಬೌದ್ಧರು." ದನಿ ಏರಿಸುವುದು ಬೇಡ, ತಗ್ಗಿಸುವುದೂ ಬೇಡ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಬಾಬಾಸಾಹೇಬರ ಜೊತೆ ಎದ್ದು ನಿಂತು ಪಡೆದುಕೊಂಡ ಉತ್ತರ ಅದು.

ಇವತ್ತಿನ ಅಭ್ಯಾಸ: ರಾತ್ರಿ ಊಟವಾದ ಮೇಲೆ ಒಯ್ಯಬೇಕೆಂದಿರುವ ಎಲ್ಲವನ್ನೂ ಚಾಪೆಯ ಮೇಲೆ ಹರಡಿ. ಒಂದೊಂದನ್ನೂ ಕೈಗೆತ್ತಿಕೊಂಡು ಕೇಳಿ: ಇದು ಅಗತ್ಯಕ್ಕೋ, ತೋರಿಕೆಗೋ, ಭಯಕ್ಕೋ? ಚೀಲ ತುಂಬಿದ ಮೇಲೆ ಅದನ್ನು ಹೆಗಲಿಗೇರಿಸಿ ಮನೆಯ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿಯಿರಿ. ಭಗವಾನರು ತಮ್ಮ ಮೈಮೇಲೆ ಪರೀಕ್ಷಿಸಿಯೇ ನಿಯಮ ಹೇಳಿದರು. ನಾವೂ ನಮ್ಮ ಹೆಗಲನ್ನೇ ಕೇಳೋಣ.

ಬೆಟ್ಟಕ್ಕೆ ಹೋಗದವರೂ ಈ ಅಭ್ಯಾಸವನ್ನು ಬೀರುವಿನ ಮುಂದೆ ನಿಂತು ಮಾಡಬಹುದು.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.