ದೂರದ ವಿದ್ಯೆಯೂ ಬಾಗಿಲಿನ ಸೇವೆಯೂ

ವರದೆಯೂ ತುಂಗಭದ್ರೆಯೂ ಕೂಡುವ ಗಳಗನಾಥದಂಥ ಸಣ್ಣ ಊರಿನವರಾದ ನಾವು ಒಂದು ಪ್ರಶ್ನೆಯನ್ನು ವಿಚಾರಿಸತಕ್ಕದ್ದು: ವೈದ್ಯವಿದ್ಯೆಗಾಗಿ ಪರದೇಶಕ್ಕೆ ಹೋದವನು ಹೆಚ್ಚಿನವನೋ, ಸ್ವಂತ ಓಣಿಯಲ್ಲಿ ಮನೆಮನೆಗೆ ನಡೆದವಳು ಹೆಚ್ಚಿನವಳೋ?

2020ನೇ ಇಸವಿಯಲ್ಲಿ ಕೊರೋನಾ ವ್ಯಾಧಿಯು ಹಬ್ಬಲು, ಚೀನಾದಲ್ಲಿ ವೈದ್ಯಶಾಸ್ತ್ರ ಕಲಿಯುತ್ತಿದ್ದ ನಮ್ಮ ದೇಶದ ಅನೇಕ ವಿದ್ಯಾರ್ಥಿಗಳು ಊರಿಗೆ ಬಂದವರು ಹಿಂದಿರುಗಲಾರದೆ ಮನೆಯಿಂದಲೇ ಪಾಠ ಕೇಳಿದರು. ಪಾಠವು ದೂರದಿಂದ ಬಂದೀತು; ರೋಗಿಯ ನಾಡಿ ಹಿಡಿಯುವ ಅಭ್ಯಾಸವು ಬಾರದು. ಆದದರಿಂದ, ವ್ಯಾಧಿಯಿಂದಲೂ ಯುದ್ಧದಿಂದಲೂ ತರಬೇತು ನಿಂತವರು ಅರ್ಹತಾಪರೀಕ್ಷೆಯಲ್ಲಿ ತೇರ್ಗಡೆಯಾದರೆ ಉಳಿದದ್ದನ್ನು ಇಲ್ಲಿಯೇ ಮುಗಿಸಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಮಾರ್ಚಿಯಲ್ಲಿ ಅಪ್ಪಣೆ ಕೊಟ್ಟಿತು.

ಅದೇ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಬಾಗಿಲು ಬಾಗಿಲಿಗೆ ಹೋಗಿ ಜ್ವರ ಕೆಮ್ಮುಗಳನ್ನು ವಿಚಾರಿಸಿದರು. ನಾವು ಅವರನ್ನು ಹೊಗಳಿದೆವು. ಕೆಲವೆಡೆ ಬಾಗಿಲನ್ನೂ ಮುಚ್ಚಿಕೊಂಡೆವು. ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಕರ್ನಾಟಕದ ಆ ಸ್ತ್ರೀಯರು 2020ರ ಜುಲೈಯಲ್ಲಿ ಮುಷ್ಕರ ಹೂಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶದ ಆಶಾ ಕಾರ್ಯಕರ್ತೆಯರೆಲ್ಲರನ್ನು ಸನ್ಮಾನಿಸಿತು.

ಹಾಗಾದರೆ ದೂರ ಹೋಗುವದು ತಪ್ಪೋ? ಅಲ್ಲ. ವಿದ್ಯೆಯು ಎಲ್ಲಿ ದೊರೆತರೂ ತರತಕ್ಕದ್ದೇ. ಆದರೆ ಅದು ಒಂದು ಸಾಲ. ಎದುರಿಗಿರುವ ರೋಗಿಗೆ ಮಾಡುವ ಸೇವೆಯಿಂದಲೇ ಅದು ತೀರುವದು. ಪರದೇಶಕ್ಕೆ ಹೋದ ಮಗನ ಸುದ್ದಿಯನ್ನು ಹಿಗ್ಗಿ ಹೇಳುವ ನಾವು, ಬಿಸಿಲಲ್ಲಿ ಬಾಗಿಲಿಗೆ ಬಂದವಳಿಗೆ ಒಂದು ತಂಬಿಗೆ ನೀರನ್ನಾದರೂ ಕೊಟ್ಟೆವೋ? ಪ್ರತಿಯೊಬ್ಬನು ತನ್ನನ್ನು ತಾನೇ ಕೇಳಿಕೊಳ್ಳಲಿ.